ಕಲ್ಲಹಳ್ಳಿಯ ಕೀರ್ತಿಶೇಷ ದೇವರಾಜ ಅರಸರು

ಒಂದು ದೇಶವು ಪರಕೀಯರ ಆಳ್ವಿಕೆಯಿಂದ ಬಿಡುಗಡೆ ಹೊಂದುವುದು ಒಂದು ರಾತ್ರಿಯ ಕಾರ್ಯವಾದೀತು. ಆದರೆ ಆ ಆಳ್ವಿಕೆಯು ಉಳಿಸಿಹೋದ ಗುರುತುಗಳನ್ನು ಅಳಿಸುವುದು ತಲೆಮಾರುಗಳ ಕಾರ್ಯ. ನೊಗವನ್ನು ಇಳಿಸಿದೊಡನೆ ಎತ್ತಿನ ಹೆಗಲಿನ ಜಡ್ಡು ಮಾಯವಾಗುವುದುಂಟೆ? 1947ರಲ್ಲಿ ಆಂಗ್ಲರು ಹಡಗನ್ನೇರಿ ಹೋದರು. ಅವರು ನೆಡಿಸಿದ ಸರ್ವೆ ಕಲ್ಲುಗಳು ನಮ್ಮ ಹೊಲಗಳಲ್ಲಿಯೇ ನಿಂತವು. ಅವರು ಬರೆಯಿಸಿದ ಒಪ್ಪಂದಗಳು ನಮ್ಮ ನದಿಗಳನ್ನು ಕಟ್ಟಿಯೇ ಇದ್ದವು. ಅವರು ಎಳೆದ ಗಡಿಗೆರೆಗಳೊಳಗೆ ಕನ್ನಡಿಗರ ನೆಲ ಹರಿದು ಹಂಚಿಯೇ ಇದ್ದಿತು. ಅವರ ಜನಗಣತಿಯ ಅಂಕಣಗಳಲ್ಲಿ ನಮ್ಮ ಜಾತಿಗಳು ಎಣಿಸಲ್ಪಟ್ಟು ಕುಳಿತಿದ್ದವು. ಈ ಗಂಟುಗಳಲ್ಲಿ ಕೆಲವನ್ನಾದರೂ ಬಿಚ್ಚುವ ಹೊಣೆ ನಮ್ಮ ಹುಣಸೂರು ಸೀಮೆಯ ಒಬ್ಬ ರೈತನ ಪಾಲಿಗೆ ಬಂದಿತು. ಅವರೇ ಕೀರ್ತಿಶೇಷ ಡಿ. ದೇವರಾಜ ಅರಸರು. ಈ ಸಂಪುಟದಲ್ಲಿ ಅವರನ್ನು ನೆನೆಯುವುದು ಉಚಿತವೇ ಹೌದು. ಆ ನೆನಪು ಬರಿಯ ಸ್ತುತಿಯಾಗದೆ ವಿವೇಚನೆಯೂ ಆಗಲಿ ಎಂಬುದು ಈ ಬರಹದ ಆಶಯ.

ಅರಸರ ಮನೆತನದ ಊರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ. ಸಾಹಿತ್ಯಾಭ್ಯಾಸಿಗಳಿಗೆ ಈ ಹೆಸರು ಹೊಸತಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ಬಾಳಿದ, ಪಾಕಶಾಸ್ತ್ರದಿಂದ ಹಿಡಿದು ಜಿನಚರಿತೆಯವರೆಗೆ ಕಾವ್ಯ ರಚಿಸಿದ ಮೂರನೆಯ ಮಂಗರಸನು ಕಲ್ಲಹಳ್ಳಿಯ ಪ್ರಭುವಾಗಿದ್ದವನು. ಚೆಂಗಾಳ್ವ ದೊರೆಗಳ ಪಿರಿಯಾಪಟ್ಟಣ, ಕಾವೇರಿಯ ದಡದ ಯಡತೊರೆ, ಕಪಿಲೆಯ ಕಾಡುಗಳ ಹೆಗ್ಗಡದೇವನಕೋಟೆ, ಇವುಗಳ ನಡುವೆ ಲಕ್ಷ್ಮಣತೀರ್ಥದ ಹುಣಸೂರು: ಇದು ಹಳೆಯ ಸಂಸ್ಕೃತಿಯ ನೆಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಈ ನೆಲದ ಮೇಲೆ ಕುಂಪಣಿಯ ನೆರಳು ಹರಡಿತು. ಮೈಸೂರಿನ ಒಡೆಯರು ಕಟ್ಟಿ ಬೆಳೆಸಿದ್ದ ಅಮೃತಮಹಲಿನ ದನಗಳು ಕುಂಪಣಿಯ ಸೈನ್ಯದ ಬಂಡಿಗಳನ್ನು ಎಳೆಯತೊಡಗಿದವು. ಹುಣಸೂರು ಆ ಸೈನ್ಯಕ್ಕೆ ಚರ್ಮವನ್ನೂ ಮರವನ್ನೂ ಒದಗಿಸುವ ಊರಾಯಿತು. 1834ರಲ್ಲಿ ಕೊಡಗು ಆಂಗ್ಲರ ವಶವಾಗಲು ಪಿರಿಯಾಪಟ್ಟಣದ ಪಶ್ಚಿಮದಲ್ಲಿ, ಅತ್ತಲೂ ಇತ್ತಲೂ ಕನ್ನಡವನ್ನೇ ಆಡುವ ಜನರ ನಡುವೆ, ಸಂಸ್ಥಾನದ ಗಡಿಯು ಆಂಗ್ಲ ಸೀಮೆಯ ಗಡಿಯೂ ಆಯಿತು.

ಇಂತಹ ಸೀಮೆಯ ಮನೆತನದಲ್ಲಿ 1915ನೆಯ ಇಸವಿ ಆಗಸ್ಟ್ 20ರಂದು ದೇವರಾಜ ಅರಸರು ಜನಿಸಿದರು. ತಂದೆಯ ಹೆಸರೂ ದೇವರಾಜ ಅರಸು, ತಾಯಿ ದೇವೀರಮ್ಮಣ್ಣಿಯವರು. ಸಹೋದರ ಕೆಂಪರಾಜ ಅರಸರು ಮುಂದೆ ಕನ್ನಡ ಚಲನಚಿತ್ರರಂಗದ ಆದ್ಯರಲ್ಲಿ ಒಬ್ಬರಾಗಿ ನಟನೆ, ನಿರ್ದೇಶನಗಳಿಂದ ಹೆಸರಾದರು. ಅರಸು ಸಮುದಾಯವು ಮೈಸೂರು ರಾಜಮನೆತನಕ್ಕೆ ನಂಟುಳ್ಳದ್ದು. ಆದರೆ ಸಂಖ್ಯೆಯಲ್ಲಿ ಅತ್ಯಲ್ಪ. ರಾಜಬಂಧುಗಳ ಮಕ್ಕಳಿಗಾಗಿ ಮೈಸೂರಿನಲ್ಲಿದ್ದ ಅರಸು ಬೋರ್ಡಿಂಗ್ ಶಾಲೆಯಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದ ಮೇಲೆ ಅರಮನೆಯ ಅಥವಾ ಸರ್ಕಾರದ ಉದ್ಯೋಗವನ್ನು ಅರಸದೆ, ಊರಿಗೆ ಮರಳಿ ಬೇಸಾಯವನ್ನು ಕೈಗೊಂಡರು. ಪದವೀಧರರು ಬೆರಳೆಣಿಕೆಯಷ್ಟಿದ್ದ ಆ ದಿನಗಳಲ್ಲಿ ಇದು ಸಾಮಾನ್ಯವಾದ ಆಯ್ಕೆಯಾಗಿರಲಿಲ್ಲ. ಒಕ್ಕಲುತನದ ಈ ವರ್ಷಗಳು ಅವರಿಗೆ ಎರಡನೆಯ ವಿಶ್ವವಿದ್ಯಾನಿಲಯವಾದುವು. ಯಾರ ಹೊಲವನ್ನು ಯಾರು ಉಳುವರು, ಕಣದಿಂದ ಯಾರ ಮನೆಗೆ ಎಷ್ಟು ಧಾನ್ಯ ಹೋಗುವುದು, ಜೀತದಾಳಿನ ಸಾಲ ಏಕೆ ತೀರುವುದಿಲ್ಲ ಎಂಬುದನ್ನು ಅವರು ಪುಸ್ತಕದಿಂದ ತಿಳಿದವರಲ್ಲ.

1941ರಲ್ಲಿ ಅವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಆ ಸಭೆ ಪ್ರಜೆಗಳ ಅಹವಾಲುಗಳನ್ನು ಆಲಿಸುವ ವೇದಿಕೆಯಾಗಿದ್ದಿತೇ ಹೊರತು ಆಳುವ ಅಧಿಕಾರವುಳ್ಳದ್ದಾಗಿರಲಿಲ್ಲ. ಅದೇ ವರ್ಷ ಮೈಸೂರಿನಲ್ಲಿ ಸುತ್ತೂರು ಶ್ರೀಮಠದ ರಾಜೇಂದ್ರ ಸ್ವಾಮಿಗಳು ಬಡ ವಿದ್ಯಾರ್ಥಿಗಳಿಗಾಗಿ ಉಚಿತ ವಸತಿ ಭೋಜನಗಳ ವ್ಯವಸ್ಥೆಯನ್ನು ಆರಂಭಿಸಿದರು. ಒಬ್ಬರು ರಾಜ್ಯದ ಮಾರ್ಗದಲ್ಲಿ, ಮತ್ತೊಬ್ಬರು ಧರ್ಮದ ಮಾರ್ಗದಲ್ಲಿ, ಹಳ್ಳಿಯ ಬಡ ಹುಡುಗನ ಮುಖವನ್ನು ಕಂಡವರು. ಸ್ವಾತಂತ್ರ್ಯಾನಂತರ 1952ರ ಪ್ರಥಮ ಮಹಾಚುನಾವಣೆಯಲ್ಲಿ ಅರಸರು ಹುಣಸೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಮುಂದೆಯೂ ಈ ಕ್ಷೇತ್ರದ ಜನ ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದರು. ಮಿತಭಾಷಿ, ಗಂಭೀರ ಸ್ವಭಾವ, ಕೈಯಲ್ಲೊಂದು ಪೈಪು, ಬಿಡುವಿದ್ದಾಗ ಓದು: ಇದು ಅವರನ್ನು ಬಲ್ಲವರು ಹೇಳುವ ಚಿತ್ರ.

ಅವರು ಮುಂದೆ ಮಾಡಿದ ಕಾರ್ಯದ ತೂಕವನ್ನು ಅರಿಯಬೇಕಾದರೆ, ಅವರ ಕೈಗೆ ಬಂದ ರಾಜ್ಯವು ಯಾವ ಬಗೆಯದೆಂಬುದನ್ನು ಮೊದಲು ಅರಿಯಬೇಕು. 1831ರಿಂದ 1881ರವರೆಗೆ ಐವತ್ತು ವರ್ಷಗಳ ಕಾಲ ಮೈಸೂರನ್ನು ಆಂಗ್ಲ ಕಮಿಷನರುಗಳೇ ಆಳಿದರು. ರಸ್ತೆ, ತಂತಿ, ಕಚೇರಿಗಳು ಬಂದುವು, ದಫ್ತರು ಕ್ರಮಗೊಂಡಿತು, ಇದನ್ನು ಅಲ್ಲಗಳೆಯಲಾಗದು. 1863ರಿಂದ ಮುಂಬಯಿ ಪ್ರಾಂತದ ಮಾದರಿಯಲ್ಲಿ ಕಂದಾಯದ ಸರ್ವೆ ಆರಂಭವಾಯಿತು. ಪ್ರತಿಯೊಂದು ಹೊಲಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಕಂದಾಯ ಕಟ್ಟುವ ಒಬ್ಬ ಖಾತೆದಾರ. ಸರ್ಕಾರಕ್ಕೆ ಬೇಕಾಗಿದ್ದುದು ಕಂದಾಯ. ಆದುದರಿಂದ ಅದರ ಕಣ್ಣಿಗೆ ಕಂದಾಯ ಕಟ್ಟುವವನು ಮಾತ್ರ ಬಿದ್ದನು. ಆ ಖಾತೆದಾರನ ಕೆಳಗೆ ಗೇಣಿಗೋ ವಾರಕ್ಕೋ ಉಳುತ್ತಿದ್ದವನು ಕಾಗದದಲ್ಲಿ ಇರಲೇ ಇಲ್ಲ. ಸ್ವಾತಂತ್ರ್ಯವು ಬಂದಾಗಲೂ ಅವನು ಕಾಗದದ ಹೊರಗೇ ನಿಂತಿದ್ದನು. 1950ರ ದಶಕದಲ್ಲಿ ಇನಾಮುಗಳ ರದ್ದಿಯಾಯಿತು; 1951ರ ಕಾಗೋಡು ಸತ್ಯಾಗ್ರಹ ಗೇಣಿದಾರರ ಸಂಕಟವನ್ನು ಲೋಕದ ಮುಂದಿಟ್ಟಿತು; 1961ರಲ್ಲಿ ಭೂಸುಧಾರಣಾ ಶಾಸನ ರಚನೆಯಾಯಿತು. ಆದರೂ ಶಾಸನದ ಸಂದುಗಳಲ್ಲಿ ನುಸುಳಿ ಒಡೆಯನು ಒಡೆಯನಾಗಿಯೇ, ಒಕ್ಕಲು ಒಕ್ಕಲಾಗಿಯೇ ಉಳಿದರು.

1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾದಾಗ ರಾಜ್ಯದ ಬಹುತೇಕ ನಾಯಕರು ನಿಜಲಿಂಗಪ್ಪನವರ ಪಕ್ಷದಲ್ಲಿ ನಿಂತರು. ಅರಸರು ಇಂದಿರಾ ಗಾಂಧಿಯವರ ಪಕ್ಷವನ್ನು ವಹಿಸಿ ಇಲ್ಲಿ ಅದನ್ನು ಕಟ್ಟಿದರು. 1971ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳೂ ಆ ಪಕ್ಷಕ್ಕೆ ದಕ್ಕಿದವು. 1972ರ ವಿಧಾನಸಭಾ ಚುನಾವಣೆಯಲ್ಲಿ, ಅದುವರೆಗೆ ಶಾಸನಸಭೆಯ ಮೆಟ್ಟಿಲನ್ನು ಕಾಣದಿದ್ದ ಸಣ್ಣ ಸಣ್ಣ ಸಮುದಾಯಗಳವರಿಗೆ ಅವರು ಟಿಕೆಟು ನೀಡಿ ಗೆಲ್ಲಿಸಿದರು. ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಹಿಂದಿನ ವರ್ಷವಷ್ಟೇ ದೇಶದ ರಾಜರುಗಳ ರಾಜಧನ ರದ್ದಾಗಿತ್ತು. ರಾಜಮನೆತನದ ನಂಟಿನ ಒಬ್ಬರು, ದೊಡ್ಡ ಸಮುದಾಯದ ಬಲವಿಲ್ಲದೆ, ಕೇವಲ ದುರ್ಬಲರನ್ನು ಕೂಡಿಸಿ ಅಧಿಕಾರಕ್ಕೆ ಬಂದುದು ವಿಧಿಯ ವೈಚಿತ್ರ್ಯವೆನ್ನಬೇಕು.

ಮೊದಲನೆಯ ಗಂಟು ಹೆಸರಿನದು. ಆಂಗ್ಲರ ಕಾಲದಲ್ಲಿ ಕನ್ನಡಿಗರು ಮುಂಬಯಿ, ಮದರಾಸು ಪ್ರಾಂತಗಳಲ್ಲಿ, ಹೈದರಾಬಾದು, ಮೈಸೂರು ಸಂಸ್ಥಾನಗಳಲ್ಲಿ, ಕೊಡಗಿನಲ್ಲಿ ಹಂಚಿಹೋಗಿದ್ದರು. 1956ರ ನವೆಂಬರ್ 1ರಂದು ನೆಲ ಒಂದಾಯಿತು. ಹೆಸರು ಮಾತ್ರ ಮೈಸೂರೆಂದೇ ಉಳಿಯಿತು. ಉತ್ತರದ ಕನ್ನಡಿಗರಿಗೆ ಅದು ಪರರ ಮನೆಯಲ್ಲಿ ಬಾಡಿಗೆಗಿದ್ದಂತೆ. ಹಳೆಯ ಮೈಸೂರಿನವರಿಗೆ ಆ ಹೆಸರು ಅಭಿಮಾನದ ಹೆಸರು. ಹಳೆಯ ಮೈಸೂರಿನವರೇ ಆದ, ಅದರಲ್ಲಿಯೂ ಅರಸು ಮನೆತನದವರಾದ ದೇವರಾಜರ ಕಾಲದಲ್ಲಿಯೇ 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕವಾಯಿತು. ತಮ್ಮವರ ಅಸಮಾಧಾನವನ್ನು ತಾವೇ ಹೊತ್ತು ಇತರರ ನೋವನ್ನು ನೀಗುವುದು ಹಿರಿಯನ ಲಕ್ಷಣ.

ಎರಡನೆಯದು ಭೂಮಿಯ ಗಂಟು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಮೇರೆಗೆ ಗೇಣಿಯ ಜಮೀನೆಲ್ಲವೂ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಏಳನೆಯ ನಂಬರಿನ ನಮೂನೆಯಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕನ್ನು ಪಡೆಯಬಹುದಾಯಿತು. ಜಮೀನಿನ ಗರಿಷ್ಠ ಮಿತಿಯು ಅದರ ದರ್ಜೆಗೆ ತಕ್ಕಂತೆ 10 ಎಕರೆಯಿಂದ 54 ಎಕರೆಯವರೆಗೆ ಎಂದು ನಿಶ್ಚಯವಾಯಿತು. ತಾಲ್ಲೂಕುಗಳಲ್ಲಿ ಭೂನ್ಯಾಯಮಂಡಳಿಗಳು ಕುಳಿತವು. ಅವುಗಳಲ್ಲಿ ಅಧಿಕಾರಿಯ ಜತೆಗೆ ಊರಿನ ಸದಸ್ಯರೂ ಇರುತ್ತಿದ್ದರು; ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಹಣವುಳ್ಳವನ ನಾಲಗೆಯು ಬಡವನ ನಾಲಗೆಗಿಂತ ಉದ್ದವಾಗದಿರಲೆಂಬುದೇ ಅದರ ಮರ್ಮ. ಎಂಟು ಲಕ್ಷಕ್ಕೂ ಮೀರಿ ಅರ್ಜಿಗಳು ಬಂದವು. ಈ ಶಾಸನದ ಫಲ ಅತಿ ಹೆಚ್ಚಾಗಿ ದೊರೆತುದು ಗೇಣಿಪದ್ಧತಿ ದಟ್ಟವಾಗಿದ್ದ ಕರಾವಳಿ ಮತ್ತು ಮಲೆನಾಡುಗಳಲ್ಲಿ. ಸಣ್ಣ ಹಿಡುವಳಿಗಳ ನಮ್ಮ ಬಯಲು ಸೀಮೆಯಲ್ಲಿ ಅಷ್ಟಾಗಿ ಅಲ್ಲ. ಆದರೂ ಕಾಗದದಲ್ಲಿ ಹೆಸರೇ ಇಲ್ಲದಿದ್ದವನ ಹೆಸರು ಪಹಣಿಯಲ್ಲಿ ಮೂಡಿದ ದಿನ, ನೂರು ವರ್ಷಗಳ ಹಿಂದಿನ ಸರ್ವೆಯ ಲೋಪವೊಂದು ತಿದ್ದಲ್ಪಟ್ಟಿತೆಂದೇ ಹೇಳಬೇಕು. ಮಲವನ್ನು ತಲೆಯ ಮೇಲೆ ಹೊರಿಸುವ ಹೀನ ಪದ್ಧತಿಯ ನಿಷೇಧ, ಜೀತವಿಮುಕ್ತಿ, 1976ರ ಋಣಪರಿಹಾರ ಶಾಸನ, ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರರ ಪಾಲಾಗದಂತೆ ತಡೆಯುವ 1978ರ ಶಾಸನ, ಇವೆಲ್ಲವೂ ಆ ಕಾಲದವೇ.

ಈ ಭೂಸುಧಾರಣೆಯಿಂದ ಮಠಮಾನ್ಯಗಳ ಜಮೀನುಗಳೂ ಒಕ್ಕಲುಗಳ ಪಾಲಾದವು. ದಾಸೋಹಕ್ಕೆ ಬತ್ತ ಬರುತ್ತಿದ್ದ ಗದ್ದೆಗಳು ಕೈಬಿಟ್ಟಾಗ ನಮ್ಮ ಹಿರಿಯರಲ್ಲಿ ಕೆಲವರು ನೊಂದುಕೊಂಡುದು ಸಹಜವೇ. ಆದರೆ ಗೇಣಿಯ ಧಾನ್ಯದಿಂದ ನಡೆಯುವ ದಾಸೋಹಕ್ಕಿಂತ ಭಕ್ತನು ತನ್ನ ಕಾಯಕದ ಫಲದಿಂದ ಸಮರ್ಪಿಸುವ ಕಾಣಿಕೆಯಿಂದ ನಡೆಯುವ ದಾಸೋಹವು ಶರಣರ ಮಾರ್ಗಕ್ಕೆ ಹೆಚ್ಚು ಸಮೀಪವಲ್ಲವೇ? ಜಮೀನು ಹೋದ ಮೇಲೂ ಮಠಗಳ ಪಾಠಶಾಲೆಗಳು ಮುಚ್ಚಲಿಲ್ಲ. ದಾನಿಗಳ ಕೈಯಿಂದ ಅವು ಬೆಳೆದವು. ಈ ಸಂಪುಟವನ್ನು ಓದುತ್ತಿರುವ ದಾನಿಗಳೇ ಅದಕ್ಕೆ ಸಾಕ್ಷಿ.

ಮೂರನೆಯದು ನೀರಿನ ಗಂಟು. ಕಾವೇರಿಯ ಮೇಲೆ ಮೈಸೂರು ಏನನ್ನು ಕಟ್ಟಬೇಕಾದರೂ ಮದರಾಸಿನ ಸಮ್ಮತಿ ಬೇಕೆಂಬ ಕಟ್ಟಳೆಯನ್ನು 1892ರ ಒಪ್ಪಂದವು ವಿಧಿಸಿತ್ತು. ಒಂದು ಕಡೆ ಆಂಗ್ಲರ ಪ್ರಾಂತ, ಮತ್ತೊಂದು ಕಡೆ ಆಂಗ್ಲರಿಗೆ ಅಧೀನವಾದ ಸಂಸ್ಥಾನ. ತಕ್ಕಡಿ ಸಮನಾಗಿರಲಿಲ್ಲವೆಂಬುದೇ ಕನ್ನಡಿಗರ ಕೊರಗು. ಕನ್ನಂಬಾಡಿಯ ಅಣೆಕಟ್ಟಿನ ನಿಮಿತ್ತ 1924ರ ಫೆಬ್ರವರಿಯಲ್ಲಿ ಮತ್ತೊಂದು ಒಪ್ಪಂದವಾಯಿತು. ಅದರ ಐವತ್ತು ವರ್ಷಗಳ ಅವಧಿ ಮುಗಿದುದು 1974ರ ಫೆಬ್ರವರಿಯಲ್ಲಿ, ಅಂದರೆ ಭೂಸುಧಾರಣೆಯು ಜಾರಿಗೆ ಬಂದ ತಿಂಗಳಿನ ಹಿಂದಿನ ತಿಂಗಳಿನಲ್ಲಿ. ಕೇಂದ್ರದ ಯೋಜನಾ ಧನವೂ ಒಪ್ಪಿಗೆಯೂ ದೊರೆಯದಿದ್ದರೂ ರಾಜ್ಯವು ತನ್ನ ಬೊಕ್ಕಸದಿಂದಲೇ ಕಬಿನಿ, ಹಾರಂಗಿ, ಹೇಮಾವತಿಗಳ ಕಾಮಗಾರಿಯನ್ನು ನಡೆಸಿತು. ಈ ಕಾರ್ಯಗಳು ಅರಸರಿಗಿಂತ ಮೊದಲೇ ಆರಂಭವಾದವು, ಅವರ ಅನಂತರವೂ ನಡೆದವು. ಆದರೆ ನಿರ್ಣಾಯಕವಾದ ವರ್ಷಗಳಲ್ಲಿ ಅವರು ಕೈಬಿಡಲಿಲ್ಲ. ಹಾರಂಗಿಯ ನಾಲೆ ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರಗಳ ಹೊಲಗಳಿಗೆ ನೀರನ್ನು ತಂದಿತು. 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯವು ಮಾತ್ರ ಹೆಗ್ಗಡದೇವನಕೋಟೆಯ ಹಳ್ಳಿಗಳನ್ನು ನುಂಗಿ, ನೀರನ್ನು ಹೆಚ್ಚಾಗಿ ಕೆಳಗಣ ಸೀಮೆಗೆ ಕೊಟ್ಟಿತು. ಆಂಗ್ಲ ಅತಿಥಿಗಳ ಮನರಂಜನೆಗಾಗಿ ಆನೆಗಳ ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ಕಾಡಿನ ಒಂದು ಭಾಗವೂ ಆ ನೀರಿನಲ್ಲಿ ಮುಳುಗಿತು.

ನಾಲ್ಕನೆಯ ಗಂಟು ನಮ್ಮ ಸಮುದಾಯಕ್ಕೆ ನೇರವಾಗಿ ಸಂಬಂಧಿಸಿದ್ದು. ಇದನ್ನು ಮರೆಮಾಚುವುದು ಸಲ್ಲದು. 1972ರಲ್ಲಿ ಎಲ್. ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಅರಸರು ನೇಮಿಸಿದ ಹಿಂದುಳಿದ ವರ್ಗಗಳ ಆಯೋಗವು 1975ರಲ್ಲಿ ವರದಿಯನ್ನು ಒಪ್ಪಿಸಿತು. 1977ರಲ್ಲಿ ಆಜ್ಞೆ ಹೊರಟಿತು. ಲಿಂಗಾಯತ ಸಮುದಾಯಕ್ಕೆ ಆ ಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಆಗ ಎದ್ದ ಆಕ್ರೋಶವನ್ನು ನಮ್ಮ ಹಿರಿಯ ಉಪಾಧ್ಯಾಯರು ಮರೆತಿರಲಾರರು. ವರದಿಯ ಪ್ರತಿಗಳು ಬೆಂಕಿಗೆ ಆಹುತಿಯಾದವು. ನಮ್ಮಲ್ಲಿಯೂ ಕೂಲಿಯವರಿರಲಿಲ್ಲವೆ, ನಮ್ಮ ಹಳ್ಳಿಗಳ ಕಾಯಕದ ಕುಲಗಳಲ್ಲಿ ಅಕ್ಷರ ಕಾಣದ ಮನೆಗಳಿರಲಿಲ್ಲವೆ ಎಂಬ ಪ್ರಶ್ನೆ ಅಂದೂ ನ್ಯಾಯವಾಗಿದ್ದಿತು, ಇಂದೂ ನ್ಯಾಯವಾಗಿಯೇ ಇದೆ. ಆದರೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರರ ಸಮಿತಿಯನ್ನು ನೇಮಿಸಿದಾಗ, ಬ್ರಾಹ್ಮಣರನ್ನುಳಿದು ಬಹುತೇಕ ಎಲ್ಲರೂ ಹಿಂದುಳಿದವರೆಂದು ಎಣಿಸಲ್ಪಟ್ಟರು. ಆ ಬಾಗಿಲು ತೆರೆದಾಗ ಒಳಹೊಕ್ಕವರಲ್ಲಿ ನಮ್ಮವರೂ ಮುಂದಿದ್ದರು. ವಿದ್ಯಾರ್ಥಿನಿಲಯಗಳು, ಮಠಗಳ ಶಾಲೆಗಳು, ಸರ್ಕಾರಿ ಉದ್ಯೋಗಗಳು, ಕೊನೆಗೆ ಶಾಸನಸಭೆ: ಐವತ್ತು ವರ್ಷಗಳಲ್ಲಿ ನಾವು ಬಹು ದೂರ ನಡೆದೆವು. ನಾವು ಒಳಹೊಕ್ಕ ಬಾಗಿಲಿನ ಹೊರಗೆ ಮಡಿವಾಳನೂ ಕುಂಬಾರನೂ ಬೆಸ್ತನೂ ಉಪ್ಪಾರನೂ ನಿಂತೇ ಇದ್ದುದನ್ನು ಅರಸರು ಕಂಡರು. ಹಸಿದವರ ಪಂಕ್ತಿಯಲ್ಲಿ ಮೊದಲು ಉಂಡೆದ್ದವರು ಮುಂದಿನವರಿಗೆ ಎಡೆ ಬಿಡಬೇಕಾಗುವುದು. ಅವರ ಎಣಿಕೆಯಲ್ಲಿ ಲೋಪವಿದ್ದಿರಬಹುದು. ಅವರು ಕಂಡ ದೃಶ್ಯ ಸುಳ್ಳಾಗಿರಲಿಲ್ಲ. ಆಂಗ್ಲರು ಜಾತಿಗಳನ್ನು ಎಣಿಸಿದುದು ಆಳುವ ಅನುಕೂಲಕ್ಕೆ. ಆ ಎಣಿಕೆಯನ್ನೇ ಹಂಚಿಕೆಯ ಸಾಧನವಾಗಿ ತಿರುಗಿಸಲು ಯತ್ನಿಸಿದುದು ಅರಸರ ಕಾಲದ ಸಾಹಸ. ಆ ಸಾಧನದ ಎರಡಂಚಿನ ಹರಿತವನ್ನು ನಾವಿಂದಿಗೂ ಅನುಭವಿಸುತ್ತಿದ್ದೇವೆ.

ಅರಸರ ಬಾಳಿನಲ್ಲಿ ಕಲೆಗಳಿರಲಿಲ್ಲವೆಂದರೆ ಅದು ಚರಿತ್ರೆಯಾಗದು. 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಈ ರಾಜ್ಯದ ಸೆರೆಮನೆಗಳಲ್ಲಿಯೂ ವಿಚಾರಣೆಯಿಲ್ಲದೆ ಜನ ನರಳಿದರು. ವಿಚಾರಣೆಯಿಲ್ಲದ ಬಂಧನವೂ ಆಂಗ್ಲರು ಕಲಿಸಿದ ವಿದ್ಯೆಯೇ. ಅದನ್ನು ಬಳಸಿದ ಸರ್ಕಾರದ ಮುಖ್ಯಮಂತ್ರಿ ಅವರಾಗಿದ್ದರು. ಅವರ ಆಡಳಿತದ ಮೇಲಿನ ಆರೋಪಗಳ ವಿಚಾರಣೆಗೆ 1977ರಲ್ಲಿ ಕೇಂದ್ರವು ಗ್ರೋವರ್ ಆಯೋಗವನ್ನು ನೇಮಿಸಿತು. ಕೆಲವು ಆರೋಪಗಳು ಅವರಿಗೆ ಪ್ರತಿಕೂಲವಾದವು. ಆಂಗ್ಲರ ಕಾಲದಲ್ಲಿ ರೂಪುಗೊಂಡ ಅರಣ್ಯ ಕಾನೂನಿನ ಗಂಟನ್ನು ಅವರೂ ಬಿಚ್ಚಲಿಲ್ಲ. ಹೆಗ್ಗಡದೇವನಕೋಟೆಯ, ಹುಣಸೂರಿನ ಜೇನುಕುರುಬ, ಕಾಡುಕುರುಬರಿಗೆ ಗೇಣಿಯ ಜಮೀನು ಎಂಬುದೇ ಇರಲಿಲ್ಲವಾಗಿ ಏಳನೆಯ ನಮೂನೆ ಅವರ ಪಾಲಿಗೆ ಬರಿಯ ಕಾಗದ. 1972ರ ವನ್ಯಜೀವಿ ಶಾಸನ, 1973ರ ಹುಲಿ ಯೋಜನೆಗಳು ಬಂದ ಮೇಲೆ ಕಾಡಿನ ಮಕ್ಕಳು ಕಾಡಿನಿಂದಲೇ ಹೊರಬೀಳತೊಡಗಿದರು. ಅವರ ಹಕ್ಕನ್ನು ಶಾಸನವು ಒಪ್ಪಲು 2006ರವರೆಗೆ ಕಾಯಬೇಕಾಯಿತು.

1977ರಲ್ಲಿ ಉತ್ತರ ಭಾರತದಲ್ಲೆಲ್ಲ ಕಾಂಗ್ರೆಸ್ಸು ಸೋತಾಗಲೂ ಕರ್ನಾಟಕವು 28ರಲ್ಲಿ 26 ಸ್ಥಾನಗಳನ್ನು ಕೊಟ್ಟಿತು. ವರ್ಷಾಂತ್ಯದಲ್ಲಿ ಅವರ ಸರ್ಕಾರ ವಜಾ ಆಯಿತು. 1978ರ ಫೆಬ್ರವರಿಯ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಕೂರಿಸಿದರು. ಅದೇ ವರ್ಷ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಗೆಲ್ಲಿಸಿ ಕಳುಹಿಸಿದವರು ಅರಸರೇ. ಮರುವರ್ಷವೇ ಇಬ್ಬರಿಗೂ ವಿರಸವಾಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ನೆಲಕಚ್ಚಿತು, ಅಧಿಕಾರ ಹೋಯಿತು. ಎರಡು ಅವಧಿಗಳೂ ಸೇರಿ ಸುಮಾರು ಏಳೂವರೆ ವರ್ಷಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು. ಅವರಿಂದ ಮುಂದೆ ಬಂದ ಅನೇಕರು ಅವರ ಮನೆಯ ದಾರಿಯನ್ನು ಮರೆತರು. ಕ್ರಾಂತಿರಂಗವೆಂಬ ಹೊಸ ಪಕ್ಷವನ್ನು ಕಟ್ಟಹೊರಟಿದ್ದಾಗಲೇ, 1982ನೆಯ ಇಸವಿ ಜೂನ್ 6ರಂದು ಅವರು ಬೆಂಗಳೂರಿನಲ್ಲಿ ಕಾಲವಾದರು. ಸುಮಾರು ಏಳು ತಿಂಗಳಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ಅದನ್ನು ನೋಡಲು ಅವರಿರಲಿಲ್ಲ.

ಇಂದು ಅವರ ಹೆಸರಿನ ರಸ್ತೆಗಳಿವೆ, ಕಾಲೇಜುಗಳಿವೆ, ನಿಗಮವಿದೆ. ಆಗಸ್ಟ್ 20ರಂದು ಸರ್ಕಾರಿ ಸಮಾರಂಭ ನಡೆಯುತ್ತದೆ. ಆದರೆ ಅವರು ಬಿಚ್ಚಿದ ಗಂಟುಗಳು ಪೂರ್ತಿಯಾಗಿ ಬಿಚ್ಚಿವೆಯೆ? 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು 1924ರ ಒಪ್ಪಂದದ ಅವಧಿ 1974ಕ್ಕೆ ಮುಗಿಯಿತೆಂದು ಹೇಳಿ, ಕರ್ನಾಟಕಕ್ಕೆ 14.75 ಟಿ.ಎಂ.ಸಿ. ನೀರನ್ನು ಹೆಚ್ಚಿಸಿ ಕೊಟ್ಟಿತು. ಮಳೆ ತಪ್ಪಿದ ವರ್ಷದ ಜಗಳ ಮಾತ್ರ ನಿಂತಿಲ್ಲ. 2020ರ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದಾಗಿದೆ. ಉಳುವವನ ಹೆಸರು ಪಹಣಿಗೆ ಬರಲು ನೂರು ವರ್ಷಗಳು ಬೇಕಾದವು. ಆ ಹೆಸರು ಅಳಿಸಿಹೋಗಲು ಎಷ್ಟು ವರ್ಷಗಳು ಬೇಕಾದೀತೆಂದು ಚಿಂತಿಸುವ ಕಾಲವಿದು.

ನಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತೆರೆದಾಗ, ಎಲ್ಲ ಕುಲಗಳ ಮಕ್ಕಳ ಹೆಸರುಗಳೂ ಒಂದರ ಕೆಳಗೊಂದು ಬರೆದಿರುವುದನ್ನು ಕಾಣುತ್ತೇವೆ. ಮಠದ ದಾಸೋಹ ಒಂದು ಕಡೆಯಿಂದ, ಅರಸರ ಶಾಸನಗಳು ಮತ್ತೊಂದು ಕಡೆಯಿಂದ, ಆ ಮಕ್ಕಳನ್ನು ಆ ಹಲಗೆಯ ಮುಂದೆ ತಂದು ಕೂರಿಸಿದವು. ಅವರಲ್ಲಿ ಕೆಲವರ ತಾತಂದಿರ ಹೆಸರು ಯಾವ ಸರ್ಕಾರಿ ದಫ್ತರಿನಲ್ಲಿಯೂ ಇರಲಿಲ್ಲ. ಅರಸರ ಯಾವುದೇ ನಿರ್ಣಯವನ್ನು ನಾವು ಒಪ್ಪಬಹುದು, ಒಪ್ಪದಿರಬಹುದು. ಈ ಹಾಜರಿ ಪುಸ್ತಕದ ಒಂದು ಹೆಸರೂ ಬಿಟ್ಟುಹೋಗದಂತೆ ನೋಡಿಕೊಳ್ಳುವ ಹೊಣೆ ಉಪಾಧ್ಯಾಯರಾದ ನಮ್ಮದು, ಹಳೆಯ ವಿದ್ಯಾರ್ಥಿಗಳದು, ದಾನಿಗಳದು. ಕಲ್ಲಹಳ್ಳಿಯ ಆ ರೈತನಿಗೆ ಈ ಸೀಮೆಯವರು ಸಲ್ಲಿಸಬಹುದಾದ ಕಾಣಿಕೆ ಅದೇ.